ಗೆರೆಯಕ್ಕನ ಮೌಸ್

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಮುಖ್ಯಸ್ಥರಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರಿಗೂ ಅವರು ಗೆರೆಯಕ್ಕ.

ನಮ್ಮದು ಜಮೀನಿನ ನಕ್ಷೆ ತಯಾರಿಸುವ ಕಚೇರಿ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ, ಯಾರ ಹಿತ್ತಲು ಎಲ್ಲಿಂದ ಶುರುವಾಗುತ್ತದೆ, ಹಳ್ಳ ಎಲ್ಲಿ ಬಳುಕಿ ಎಲ್ಲಿ ತಿರುಗುತ್ತದೆ ಎಂಬುದನ್ನೆಲ್ಲ ಹಾಳೆಯ ಮೇಲೆ ಇಳಿಸುವುದು ನಮ್ಮ ಕೆಲಸ. ನಾನು ಸೇರಿದ ಕಾಲಕ್ಕೆ ಎಲ್ಲವೂ ಶಾಯಿಯಲ್ಲೇ ನಡೆಯುತ್ತಿತ್ತು. ಓರೆಯಾಗಿ ನಿಲ್ಲಿಸಿದ ದೊಡ್ಡ ಮೇಜು, ಕೆಳಗೆ ಹಳೆಯ ನಕ್ಷೆ, ಅದರ ಮೇಲೆ ಹಾಲಿನ ಕೆನೆಯಂಥ ತೆಳುಹಾಳೆ. ಕೆಳಗಿನ ಗೆರೆ ಮೇಲೆ ಕಾಣುತ್ತದೆ, ಅದನ್ನೇ ಹಿಂಬಾಲಿಸಿ ಪೆನ್ನು ಓಡಿಸಬೇಕು. ನಾವೆಲ್ಲ ಹಳ್ಳದ ಒಂದೊಂದು ತಿರುವಿಗೂ ನಿಂತು, ಕೈ ಒರೆಸಿಕೊಂಡು, ಮತ್ತೆ ಹೊರಡುತ್ತಿದ್ದೆವು. ಅಕ್ಕ ಹಾಗಲ್ಲ. ಹಾಳೆಯ ಮೇಲಿನ ಅಂಚಿನಲ್ಲಿ ಪೆನ್ನು ಊರಿದರೆ ಕೆಳಗಿನ ಅಂಚಿನಲ್ಲೇ ಎತ್ತುತ್ತಿದ್ದರು. ಅಷ್ಟು ಹೊತ್ತೂ ಬಾಯಲ್ಲಿ ಮನೆಯ ಸುದ್ದಿ ನಡೆದೇ ಇರುತ್ತಿತ್ತು.

"ನಿಮ್ಮ ಕೈಗೆ ಕಣ್ಣಿದೆಯೇನಕ್ಕ?" ಎಂದು ಕೇಳಿದರೆ, "ನಮ್ಮಪ್ಪ ಕೊಟ್ಟಿದ್ದು ಕಣಪ್ಪ. ಬೇರೇನೂ ಕೊಡೋಕೆ ಅವರ ಹತ್ರ ಇರಲಿಲ್ಲ" ಎನ್ನುತ್ತಿದ್ದರು.

ಅಪ್ಪ ಅಂಗಡಿಗಳ ಬೋರ್ಡು ಬರೆಯುವವರಾಗಿದ್ದರಂತೆ. ಏಣಿ ಹತ್ತಿ ನಿಂತು, ಅಳತೆಪಟ್ಟಿ ಇಲ್ಲದೆ, ಆಳೆತ್ತರದ ಅಕ್ಷರ ಬರೆಯುತ್ತಿದ್ದರಂತೆ. ಕೊನೆಗಾಲದಲ್ಲಿ ಕೆಲಸ ಕೈಬಿಟ್ಟುಹೋಗಿತ್ತು ಎಂಬಷ್ಟನ್ನು ಮಾತ್ರ ಅಕ್ಕ ಹೇಳಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ತಾಯಿ ಮೊದಲೇ ತೀರಿಕೊಂಡಿದ್ದರು. ಹತ್ತು ವರ್ಷ ಚಿಕ್ಕವನಾದ ತಮ್ಮನನ್ನು ಸಾಕಿ, ಓದಿಸಿ, ಕಾಲ ಮೇಲೆ ನಿಲ್ಲಿಸಿದ್ದು ಅಕ್ಕನೇ. ತಮ್ಮ ಈಗ ಎರಡು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮೂವತ್ತೆಂಟು ವರ್ಷವಾದರೂ ಅಕ್ಕನ ಎದುರು ನಿಂತರೆ ಹೋಮ್‌ವರ್ಕ್ ಮಾಡದೆ ಬಂದವನ ಹಾಗೆ ನಿಲ್ಲುತ್ತಿದ್ದ.

ಕಚೇರಿಗೆ ಕಂಪ್ಯೂಟರ್ ಬಂದಾಗ ಹಳಬರಲ್ಲಿ ಅರ್ಧದಷ್ಟು ಜನ ರಾಗ ಎಳೆದರು. ಅಕ್ಕ ಒಂದೇ ತಿಂಗಳಲ್ಲಿ ಕಲಿತರು. ಕೆಲಸವೇನೂ ಬದಲಾಗಿರಲಿಲ್ಲ. ಹಳೆಯ ನಕ್ಷೆಯ ಚಿತ್ರ ಪರದೆಯ ಮೇಲೆ ಇರುತ್ತದೆ, ಮೌಸ್‌ನ ಗುಂಡಿ ಅದುಮಿ ಹಿಡಿದು ಅದರ ಗೆರೆಯ ಮೇಲೆಯೇ ಗೆರೆ ಎಳೆಯಬೇಕು. ಕಚೇರಿ ಕೊಟ್ಟ ಮೌಸ್ ಇಟ್ಟಿಗೆಯ ಹಾಗಿತ್ತು. ಬಾಲದಂಥ ಅದರ ವೈರು ಮೇಜಿನ ಅಂಚಿಗೆ ಸಿಕ್ಕಿಕೊಂಡು ಎಳೆಯುತ್ತಿತ್ತು. ಹಾಗೆ ವರ್ಷಗಟ್ಟಲೆ ತಿಕ್ಕಿದ ಮೇಲೆ ಅಕ್ಕನ ಮಣಿಕಟ್ಟು ಊದಿಕೊಳ್ಳತೊಡಗಿತು. ಸಂಜೆ ಹೊತ್ತಿಗೆ ಊಟದ ಡಬ್ಬಿಯ ಮುಚ್ಚಳ ತೆಗೆಯಲೂ ಆಗುತ್ತಿರಲಿಲ್ಲ. ನನ್ನ ಮುಂದೆ ಹಿಡಿದು, "ತೆಗೆದು ಕೊಡಪ್ಪ, ಇವತ್ತು ಇದಕ್ಕೂ ನನಗೂ ಜಗಳ" ಎನ್ನುತ್ತಿದ್ದರು.

ಒಂದು ಸೋಮವಾರ ಅವರ ಮೇಜಿನ ಮೇಲೆ ಕಪ್ಪು ಬಣ್ಣದ, ವೈರೇ ಇಲ್ಲದ, ಮೊಟ್ಟೆಯ ಹಾಗೆ ನುಣ್ಣಗಿದ್ದ ಮೌಸ್ ಬಂದು ಕೂತಿತ್ತು. ಪಕ್ಕದಲ್ಲೇ ನಿಂತಿದ್ದ ತಮ್ಮ ಮದುವೆ ಗಂಡನ್ನು ತೋರಿಸುವವನಂತೆ ಅದರ ಗುಣಗಾನ ಮಾಡುತ್ತಿದ್ದ.

"ಆಟ ಆಡೋರಿಗೆ ಅಂತ ಮಾಡಿರೋದು ಅಕ್ಕ. ಪಂದ್ಯ ಆಡೋರು ಇಟ್ಕೊಳ್ತಾರಲ್ಲ, ಅದು. ತೂಕ ನೋಡು, ಒಂದು ಮೊಟ್ಟೆಯಷ್ಟೇ. ಕೆಳಗಿರೋ ಈ ಕಣ್ಣಿದೆಯಲ್ಲ, ಕೂದಲೆಳೆಯಷ್ಟು ಸರಿದರೂ ಹಿಡಿಯುತ್ತೆ. ನೀನು ಎಲ್ಲಿಗೆ ಅಂದ್ಕೊಂಡ್ಯೋ ಅದು ಅಲ್ಲಿರುತ್ತೆ."

"ನೀನು ಈ ವಯಸ್ಸಲ್ಲೂ ಗುಂಡು ಹಾರಿಸೋ ಆಟ ಆಡ್ತೀಯ, ಸರಿ. ನಾನು ಯಾರನ್ನು ಕೊಲ್ಲಲಿ?"

"ಯಾರನ್ನೂ ಕೊಲ್ಲಬೇಡ. ಕೈ ಉಳಿಸ್ಕೋ, ಸಾಕು."

ಬೆಲೆ ಎಷ್ಟೆಂದು ಅಕ್ಕ ಎರಡು ಸಲ ಕೇಳಿದರು. ಅವನು ಎರಡು ಸಲವೂ ಕಿಟಕಿಯಾಚೆ ನೋಡಿದ. ಆಮೇಲೆ ತಿಳಿಯಿತು, ಅದನ್ನು ಅವನು ತನಗೆಂದೇ ತರಿಸಿಕೊಂಡು ಡಬ್ಬಿ ಒಡೆಯುವ ಮೊದಲೇ ಅಕ್ಕನಿಗೆ ಕೊಟ್ಟಿದ್ದ.

ಆ ವಾರ ಅಕ್ಕ ಮಗುವಿಗೆ ಹೊಸ ಚಪ್ಪಲಿ ಸಿಕ್ಕ ಹಾಗಿದ್ದರು. ಮೌಸ್ ಮೇಜಿನ ಮೇಲೆ ಜಾರುತ್ತಿರಲಿಲ್ಲ, ತೇಲುತ್ತಿತ್ತು. ಕೈ ಎತ್ತಬೇಕಿಲ್ಲ, ಮಣಿಕಟ್ಟು ತಿರುಚಬೇಕಿಲ್ಲ. ಊತ ಇಳಿಯಿತು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಅದನ್ನು ಚಾರ್ಜಿಗೆ ಹಾಕಿ, ಮೇಲೆ ಕರವಸ್ತ್ರ ಹೊದಿಸಿ ಹೋಗುತ್ತಿದ್ದರು. "ಮಲಗಿಸಿ ಬಂದ್ರಾ?" ಎಂದು ನಾವು ರೇಗಿಸುತ್ತಿದ್ದೆವು.

ಎರಡನೆಯ ತಿಂಗಳಿಗೆ ಆ ನಗು ನಿಂತಿತು.

ನಾನಾಗ ತಪಾಸಣೆಯ ಮೇಜಿನಲ್ಲಿದ್ದೆ. ಎಲ್ಲರೂ ಎಳೆದ ಹಾಳೆಗಳು ನನ್ನ ಬಳಿ ಬರಬೇಕು, ನಾನು ಹಳೆಯದರ ಜೊತೆ ಹೋಲಿಸಿ ಸಹಿ ಹಾಕಬೇಕು. ಅಕ್ಕನ ಒಂದು ಹಾಳೆಯನ್ನು ದೊಡ್ಡದು ಮಾಡಿ ನೋಡಿದಾಗ ಹಳ್ಳದ ಗೆರೆ ಗರಗಸದ ಹಲ್ಲಿನ ಹಾಗಿತ್ತು. ಸಣ್ಣ ಸಣ್ಣ ಹಲ್ಲುಗಳು, ಒಂದರ ಪಕ್ಕ ಒಂದು, ಉದ್ದಕ್ಕೂ. ಬೇರೆ ಯಾರದ್ದಾದರೂ ಆಗಿದ್ದರೆ ಸುಮ್ಮನೆ ವಾಪಸು ಕಳಿಸುತ್ತಿದ್ದೆ. ಇದನ್ನು ಕೈಯಲ್ಲಿ ಹಿಡಿದುಕೊಂಡು ನಾನೇ ಅವರ ಮೇಜಿಗೆ ಹೋದೆ.

ಅಕ್ಕ ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಮೌಸ್ ಕೆಟ್ಟಿದೆ" ಎಂದರು.

"ಹಳೇದನ್ನೇ ಹಾಕ್ಕೊಳ್ತೀರಾ?"

"ಅದನ್ನ ಹಿಡಿದರೆ ಕೈ ಊದುತ್ತಲ್ಲಪ್ಪ. ಇರು, ಆ ಪುಣ್ಯಾತ್ಮನನ್ನ ಕರೆಸ್ತೀನಿ."

ತಮ್ಮ ಬಂದ. ನಿಂತುಕೊಂಡೇ ಒಂದು ಗೆರೆ ಎಳೆದು ನೋಡಿದ. ಗೆರೆ ಸರಿಯಾಗಿಯೇ ಬಂತು. "ಈಗ ನೀನು ಎಳಿ" ಎಂದ. ಅಕ್ಕ ಎಳೆದರು. ಪರದೆಯ ಮೇಲೆ ಗರಗಸ ಮೂಡಿತು. ಅವನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಆಗ ನನಗೆ ಅದು ಅರ್ಥವಾಗಲಿಲ್ಲ. ಬೈಸಿಕೊಳ್ಳುವ ಭಯ ಇರಬೇಕು ಎಂದುಕೊಂಡೆ.

"ಹೌದಕ್ಕ, ಒಳಗಡೆ ಏನೋ ಸರಿಯಿಲ್ಲ. ಎರಡು ದಿನ ಕೊಡು" ಎಂದು ಜೇಬಿಗೆ ಹಾಕಿಕೊಂಡು ಹೋದ.

ಎರಡು ದಿನ ಬಿಟ್ಟು ಮೌಸ್ ವಾಪಸು ಬಂತು. ಅಕ್ಕ ಗೆರೆ ಎಳೆದರು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ನುಣ್ಣಗೆ ಬಂತು. ಅವರು ಕುರ್ಚಿಗೆ ಒರಗಿ, ಉಸಿರು ಬಿಟ್ಟು, ನನ್ನ ಕಡೆ ತಿರುಗಿ, "ನೋಡಿದ್ಯಾ? ನಾನು ಹೇಳಲಿಲ್ವಾ?" ಎಂದರು. ಅವರ ಕಣ್ಣು ತೇವವಾಗಿತ್ತು. ಒಂದು ಮೌಸ್ ಸರಿಹೋದದ್ದಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಆಮೇಲಿನ ಮೂರು ತಿಂಗಳು ಅವರ ಹಾಳೆಗಳು ಒಂದರ ಹಿಂದೊಂದು ಬಂದವು. ಮೇಲುನೋಟಕ್ಕೆ ಎಲ್ಲವೂ ಚೆನ್ನ. ಗೆರೆಯಕ್ಕನ ಹಾಳೆಯಲ್ಲಿ ತಪ್ಪು ಹುಡುಕುವುದೆಂದರೆ ಏನು? ನಾನು ತೆರೆಯುತ್ತಿದ್ದೆ, ಒಮ್ಮೆ ಕಣ್ಣಾಡಿಸುತ್ತಿದ್ದೆ, ಸಹಿ ಹಾಕುತ್ತಿದ್ದೆ. ನಲವತ್ತಮೂರು ಹಾಳೆ. ಹಳೆಯದರ ಜೊತೆ ಇಟ್ಟು ಹೋಲಿಸಿದ್ದು ಒಂದನ್ನೂ ಇಲ್ಲ.

ನಾಲ್ಕನೆಯ ತಿಂಗಳು ಒಬ್ಬ ಹೆಂಗಸು ಕಚೇರಿಗೆ ಬಂದರು. ಕೋಳಿ ಸಾಕುವವರು, ಅರವತ್ತರ ಆಸುಪಾಸು. ಕಾಲಲ್ಲಿ ರಬ್ಬರ್ ಬೂಟು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಹಳೆಯ ಕಾಗದದ ನಕ್ಷೆ. ಅವರ ಜಮೀನಿನ ಗಡಿ ಒಂದು ಹಳ್ಳ. ಆ ಹಳ್ಳ ಒಂದು ಕಡೆ ಹೊಟ್ಟೆ ಉಬ್ಬಿಸಿಕೊಂಡ ಹಾಗೆ ಆಚೆಗೆ ತಿರುಗಿ ಮತ್ತೆ ಈಚೆಗೆ ಬರುತ್ತದೆ. ನಕ್ಷೆಯಲ್ಲಿ ಸಾಸಿವೆಕಾಳಿನಷ್ಟೇ ಕಾಣುವ ಆ ಉಬ್ಬಿನೊಳಗೆ ಅವರ ಕೋಳಿಮನೆ. ನಮ್ಮ ಹೊಸ ನಕ್ಷೆ ತೋರಿಸಿಕೊಂಡು ಆಚೆಯ ಜಮೀನಿನವನು ಬಂದು, ಕೋಳಿಮನೆ ತನ್ನ ಜಾಗದಲ್ಲಿದೆ, ತೆಗೆಯಿರಿ ಎಂದಿದ್ದ.

"ಮೂವತ್ತು ವರ್ಷದಿಂದ ಆ ಹಳ್ಳ ಅಲ್ಲೇ ಹರೀತಿದೆ" ಎಂದರು ಆಕೆ. ದನಿ ಏರಿಸಲಿಲ್ಲ. "ನಿಮ್ಮ ಕಾಗದದಲ್ಲಿ ಅದು ನೆಟ್ಟಗೆ ಹೋಗುತ್ತೆ. ಹಳ್ಳಕ್ಕೆ ಹೇಳೋಕಾಗುತ್ತಾ, ನೆಟ್ಟಗೆ ಹೋಗು ಅಂತ?"

ಮುಖ್ಯಸ್ಥರು ಹಾಳೆ ತರಿಸಿದರು. ಎಳೆದವರು ಗೆರೆಯಕ್ಕ, ನೋಡಿದವನು ನಾನು. ಇಬ್ಬರನ್ನೂ ಕರೆದರು. ಹಳೆಯ ನಕ್ಷೆಯ ಮೇಲೆ ಹೊಸದನ್ನು ಇಟ್ಟಾಗ ಗೆರೆಗಳು ಒಂದರ ಮೇಲೊಂದು ಕೂತಿದ್ದವು, ಆ ಉಬ್ಬಿನ ಜಾಗವೊಂದನ್ನು ಬಿಟ್ಟು. ಅಲ್ಲಿ ಹೊಸ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಅಡ್ಡ ಹಾದುಹೋಗಿತ್ತು.

ನನ್ನ ಕಣ್ಣು ಕೆಳಗಿದ್ದ ನನ್ನ ಸಹಿಯ ಮೇಲೆ ಹೋಯಿತು. ಅಕ್ಕ ಮಾತ್ರ ಬೇರೇನನ್ನೋ ನೋಡುತ್ತಿದ್ದರು.

"ಇದು ನನ್ನ ಗೆರೆ ಅಲ್ಲ" ಎಂದರು.

"ನಿಮ್ಮ ಹೆಸರಿದೆಯಲ್ಲಮ್ಮ" ಎಂದರು ಮುಖ್ಯಸ್ಥರು.

"ಹೆಸರು ನನ್ನದೇ. ಆದ್ರೆ ನಾನು ಹಳ್ಳ ಎಳೆದ್ರೆ ಹೀಗೆ ನೆಟ್ಟಗಿರಲ್ಲ. ಯಾರು ಎಳೆದ್ರೂ ಇರಲ್ಲ. ಕೈ ಅನ್ನೋದು ಹೀಗೆ ಹೋಗೋದೇ ಇಲ್ಲ."

ಅಕ್ಕ ತಮ್ಮ ಮೇಜಿಗೆ ವಾಪಸು ಬಂದರು. ಪಕ್ಕದ ಮೇಜಿನ ಸಾಮಾನ್ಯ ಮೌಸ್ ತೆಗೆದು ಜೋಡಿಸಿಕೊಂಡು, ಖಾಲಿ ಪರದೆಯ ಮೇಲೆ ಒಂದು ಗೆರೆ ಎಳೆದರು. ಅಲ್ಲಲ್ಲಿ ನಡುಗಿತು. ಇನ್ನೊಂದು ಎಳೆದರು. ಅದೂ ನಡುಗಿತು. ಆಮೇಲೆ ತಮ್ಮದೇ ಕಪ್ಪು ಮೌಸ್ ತೆಗೆದುಕೊಂಡು, ಬೇಕೆಂದೇ ಕೈಯನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತ ಎಳೆದರು. ಪರದೆಯ ಮೇಲೆ ನೇರವಾದ ಗೆರೆ ಬಂತು. ಮೂರನೆಯ ಸಲ ಎಳೆದಾಗಲೂ ಹಾಗೇ. ನಾನು ಹಿಂದೆ ನಿಂತಿದ್ದೆ. ಅವರು ಮೌಸ್ ಬಿಟ್ಟು ಬಲಗೈಯನ್ನು ಎಡಗೈಯಲ್ಲಿ ಮುಚ್ಚಿ ಹಿಡಿದು ಮಡಿಲಲ್ಲಿಟ್ಟುಕೊಂಡರು.

"ನನ್ನ ಜೊತೆ ಬರ್ತೀಯಾ ಸ್ವಲ್ಪ?" ಎಂದು ಕೇಳಿದರು.

ತಮ್ಮನ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಎರಡೂ ಗೋಡೆಗೆ ಬಿಚ್ಚಿಟ್ಟ ಯಂತ್ರಗಳು, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಬ್ರೆಡ್ಡು ತಿನ್ನುತ್ತ ಕೂತಿದ್ದ ಅವನು ಅಕ್ಕನನ್ನು ನೋಡಿದವನೇ ಎದ್ದು ನಿಂತ. ಅಕ್ಕ ಮೌಸನ್ನು ಅವನ ಮುಂದಿಟ್ಟರು.

"ಇದಕ್ಕೆ ಏನು ಮಾಡಿದೆ?"

"ಏನಾಯ್ತಕ್ಕ?"

"ಕೇಳಿದ್ದಕ್ಕೆ ಹೇಳು."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಒಳಗೆ ಒಂದು ಸೌಲಭ್ಯ ಇದೆ" ಎಂದ ಕೊನೆಗೆ. "ಕೈ ಸ್ವಲ್ಪ ಆಚೀಚೆ ಆದ್ರೆ ಅದೇ ಗೆರೆನ ನೇರ ಮಾಡುತ್ತೆ. ಸಣ್ಣ ಅಲುಗಾಟ ಇದ್ರೆ ಒರೆಸಿ ಹಾಕುತ್ತೆ. ಅದನ್ನ ಆನ್ ಮಾಡಿದೆ. ಮೌಸಿನೊಳಗೇ ಉಳಿಯುತ್ತೆ ಅದು. ಯಾವ ಕಂಪ್ಯೂಟರಿಗೆ ಹಾಕಿದ್ರೂ..."

"ಮೌಸ್ ಕೆಟ್ಟಿತ್ತಾ?"

"ಇಲ್ಲ."

"ಮತ್ತೆ?"

ಅವನು ಮೌಸನ್ನು ಮಗುಚಿ ಇಟ್ಟ. ಅಕ್ಕ ಬಿಡಲಿಲ್ಲ.

"ಮತ್ತೆ ಏನು ಕೆಟ್ಟಿತ್ತು? ಬಾಯಿಬಿಟ್ಟು ಹೇಳು."

"ನಿನ್ನ ಕೈ ನಡುಗ್ತಿದೆ ಅಕ್ಕ" ಎಂದ. "ಹಳೇ ಮೌಸ್ ಭಾರ ಇತ್ತು, ಅದರ ತೂಕದಲ್ಲಿ ಎಲ್ಲ ಮುಚ್ಚಿಹೋಗ್ತಿತ್ತು. ಇದು ಇದ್ದದ್ದನ್ನ ಇದ್ದ ಹಾಗೆ ತೋರಿಸ್ತು. ಅವತ್ತು ನೀನು ಗೆರೆ ಎಳೆದಾಗ ನನಗೆ ಅಪ್ಪನ ಕೈ ಕಂಡ ಹಾಗಾಯ್ತು. ಹೇಗೆ ಹೇಳಲಿ ನಿನಗೆ?"

ಅಪ್ಪನ ಕೆಲಸ ಯಾಕೆ ಹೋಯಿತು ಎಂಬುದು ಆ ದಿನ ನನಗೆ ಗೊತ್ತಾಯಿತು. ಬೋರ್ಡು ಬರೆಯುವವರ ಕೈ ನಡುಗತೊಡಗಿದಾಗ ಊರಿನವರು ಕುಡಿತ ಎಂದರು. ಅಪ್ಪ ಒಂದು ಹನಿ ಮುಟ್ಟಿದವರಲ್ಲ. ಅಂಗಡಿಯವರು ಒಬ್ಬೊಬ್ಬರಾಗಿ ಬೇರೆಯವರನ್ನು ಕರೆಯತೊಡಗಿದರು. ಒಬ್ಬ ಅಂಗಡಿಯವನು ಅವರ ಬಾಯಿ ಮೂಸಿ ನೋಡಿ ಆಮೇಲೆ ಏಣಿ ಹತ್ತಲು ಬಿಟ್ಟನಂತೆ. ಏಣಿ ಹಿಡಿದು ಕೆಳಗೆ ನಿಂತಿದ್ದ ಮಗ ಅದನ್ನು ನೋಡಿದ್ದ. ಆಗ ಅವನಿಗೆ ಒಂಬತ್ತು ವರ್ಷ.

"ನಿನ್ನನ್ನೂ ಹಾಗೆ ನೋಡ್ತಾರಲ್ಲ ಅಂತ..." ಎಂದ.

"ಅದಕ್ಕೆ ನನ್ನ ಕೈಯಿಂದ ಸುಳ್ಳು ಗೆರೆ ಎಳೆಸಿದೆ" ಎಂದರು ಅಕ್ಕ. "ಒಬ್ಬ ಹೆಂಗಸಿನ ಕೋಳಿಮನೆ ಇನ್ನೊಬ್ಬನ ಪಾಲಾಯ್ತು. ಗೊತ್ತಾ ನಿನಗೆ? ಇನ್ನೆಷ್ಟು ಜನದ್ದು ಹೋಗಿದೆಯೋ, ಯಾರಿಗೆ ಗೊತ್ತು?"

ಅವನಿಗೆ ಅದು ಹೊಳೆದೇ ಇರಲಿಲ್ಲ. ಅವನ ಆಟದಲ್ಲಿ ಗೆರೆ ನೇರವಾದರೆ ಗುರಿ ತಪ್ಪುತ್ತದೆ, ಅಷ್ಟೇ. ನಕ್ಷೆಯಲ್ಲಿ ಗೆರೆ ನೇರವಾದರೆ ಏನಾಗುತ್ತದೆಂದು ಯೋಚಿಸುವ ಗೋಜಿಗೇ ಹೋಗಿರಲಿಲ್ಲ. ಅವನು ಕುರ್ಚಿಯ ಮೇಲೆ ಕುಸಿದು ಕೂತ. ಅಕ್ಕ ಅವನನ್ನು ಸಮಾಧಾನ ಮಾಡಲಿಲ್ಲ. ಹೊರಟುಬಂದರು. ಮೌಸ್ ಅಲ್ಲೇ ಉಳಿಯಿತು.

ದಾರಿಯಲ್ಲಿ ಒಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ನಾನೂ ಕೂತೆ. ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಅವನನ್ನ ಅಷ್ಟು ಅಂದುಬಿಟ್ಟೆ. ನನಗೂ ಗೊತ್ತಿತ್ತು ಕಣಪ್ಪ" ಎಂದರು.

"ಏನಕ್ಕ?"

"ಚಹಾ ಲೋಟ ಎಡಗೈಗೆ ಬಂದು ಒಂದು ವರ್ಷವಾಯ್ತು. ಸೂಜಿಗೆ ದಾರ ಪೋಣಿಸೋದನ್ನ ನಮ್ಮನೆಯವರ ಕೈಲಿ ಮಾಡಿಸ್ತೀನಿ, ಕಣ್ಣು ಕಾಣಲ್ಲ ಅಂತ. ಕಣ್ಣು ಚೆನ್ನಾಗೇ ಇದೆ. ಮೌಸ್ ಸರಿಹೋಯ್ತು ಅಂದಾಗ ನಾನು ಯಾಕೆ ಅತ್ತೆ ಅನ್ಕೊಂಡೆ? ಕೈಯಲ್ಲಿ ಏನೂ ಇಲ್ಲ, ಎಲ್ಲ ಅದರದ್ದೇ ತಪ್ಪು ಅಂತ ಆಯ್ತಲ್ಲ, ಅದಕ್ಕೆ."

ನಾನು ಆಗ ನನ್ನದನ್ನೂ ಹೇಳಿದೆ, ನಲವತ್ತಮೂರು ಹಾಳೆಗೆ ನೋಡದೆ ಸಹಿ ಹಾಕಿದ್ದನ್ನು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ನೀನೂನಾ?" ಎಂದಷ್ಟೇ ಹೇಳಿ ಎದ್ದರು.

ಮುಖ್ಯಸ್ಥರು ಕೆಟ್ಟವರಲ್ಲ. ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದ ಮನುಷ್ಯ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, ಬಾಗಿಲು ಹಾಕಿ ಬಂದು, "ಈ ಒಂದು ಹಾಳೆ ತಿದ್ದಿ ಕೊಡೋಣ. ಆಕೆಗೂ ನ್ಯಾಯ ಸಿಗುತ್ತೆ. ಉಳಿದದ್ದನ್ನ ಯಾಕೆ ಕೆದಕೋದು? ದೂರು ಬಂದ್ರೆ ಆಗ ನೋಡಿದ್ರಾಯ್ತು. ನಿಮ್ಮ ಇಷ್ಟು ವರ್ಷದ ಹೆಸರು..." ಎಂದರು.

"ದೂರು ಕೊಡೋಕೆ ಬರದೆ ಇರೋರು ಎಷ್ಟು ಜನ ಇರ್ತಾರೆ ಸರ್?"

"ಅಷ್ಟೂ ಹಾಳೆ ಮತ್ತೆ ನೋಡಬೇಕಾಗುತ್ತೆ. ವಿಚಾರಣೆ ಆಗುತ್ತೆ. ಕೈ ವಿಷಯ ದಾಖಲೆಗೆ ಹೋಗುತ್ತೆ. ಇನ್ನೊಮ್ಮೆ ಯೋಚನೆ ಮಾಡಿ."

"ಯೋಚನೆ ಮಾಡ್ತಾ ಕೂತೇ ಒಂದು ವರ್ಷ ಹಾಳು ಮಾಡಿದ್ದೀನಿ" ಎಂದು, ಬರೆದು ತಂದಿದ್ದ ಕಾಗದವನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ತಮ್ಮನ ಹೆಸರಿರಲಿಲ್ಲ. ಮೌಸಿನ ಸೌಲಭ್ಯ ಗೊತ್ತಿಲ್ಲದೆ ಬಳಸಿದೆ, ಕೈ ನಡುಗುತ್ತಿದ್ದದ್ದು ಗೊತ್ತಿದ್ದೂ ಹೇಳಲಿಲ್ಲ ಎಂದು ಬರೆದಿದ್ದರು. ಎರಡೂ ನಿಜವೇ. ಅದರ ಕೆಳಗೆ ನನ್ನದೂ ಒಂದು ಕಾಗದ ಇಟ್ಟೆ.

ಮುಂದಿನ ಎರಡು ತಿಂಗಳು ಕಚೇರಿಯಲ್ಲಿ ಉಸಿರಾಡುವುದೇ ಕಷ್ಟವಾಯಿತು. ನಲವತ್ತಮೂರು ಹಾಳೆಗಳನ್ನೂ ಉಳಿದವರು ತಮ್ಮ ಕೆಲಸದ ಜೊತೆಗೆ ಹಂಚಿಕೊಂಡು ಮತ್ತೆ ಎಳೆಯಬೇಕಾಯಿತು. ಅಕ್ಕನಿಂದ ಕೆಲಸ ಕಲಿತವರೇ ಮುಖ ತಿರುಗಿಸಿದರು. "ಯಾರೋ ಮಾಡಿದ ಪಾಪ, ನಮ್ಮ ಬೆನ್ನು ಮುರೀತಿದೆ" ಎಂದು ಕೇಳಿಸುವ ಹಾಗೆಯೇ ಆಡಿಕೊಂಡರು. ಆಟದ ಮೌಸ್ ತಂದು ಕೆಲಸದ ಹೊತ್ತಲ್ಲಿ ಆಟ ಆಡುತ್ತಿದ್ದರಂತೆ ಎಂದು ಒಬ್ಬರು ಹಬ್ಬಿಸಿದರು. ಮಾತು ಅಲ್ಲಿಗೂ ನಿಲ್ಲಲಿಲ್ಲ. ನಡುಕಕ್ಕೆ ಕಾರಣ ಬೇರೆಯೇ ಇದೆಯಂತೆ ಎಂದು ಇನ್ನೊಬ್ಬರು ಕಣ್ಣು ಮಿಟುಕಿಸಿದರು. ಅದು ಅಕ್ಕನ ಕಿವಿಗೂ ಬಿತ್ತು. ಅವತ್ತು ಅವರು ಊಟದ ಡಬ್ಬಿ ತೆರೆಯಲಿಲ್ಲ.

ಭಾವ, ಅಂದರೆ ಅಕ್ಕನ ಗಂಡ, ನಗರದ ಬಸ್ ಓಡಿಸುವವರು. ಮಾತು ಕಡಿಮೆ. ವಿಷಯ ತಿಳಿದ ಮಾರನೆಯ ದಿನ ರಜೆ ಹಾಕಿ, ನರಗಳ ವೈದ್ಯರ ಬಳಿ ಚೀಟಿ ಮಾಡಿಸಿ ಬಂದರು. "ನೀನು ಸೂಜಿಗೆ ದಾರ ಹಾಕು ಅಂದಾಗಲೆಲ್ಲ ನಾನು ಹಾಕಿದ್ದೀನಿ. ಒಂದು ದಿನವಾದ್ರೂ ಯಾಕೆ ಅಂತ ಕೇಳಬೇಕಿತ್ತು" ಎಂದರಂತೆ. ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು ಎಂದು ಅಕ್ಕ ನನಗೆ ಹೇಳಿದರು. ಹೇಳುವಾಗ ನಗಲಿಕ್ಕೂ ನೋಡಿದರು.

ವೈದ್ಯೆ ಒಂದು ಖಾಲಿ ಕಾಗದ ಕೊಟ್ಟು, ನಡುವಿನಿಂದ ಹೊರಗೆ ಸುರುಳಿ ಬರೆಯಿರಿ ಎಂದರಂತೆ. ಮೂವತ್ತು ವರ್ಷ ಹಳ್ಳಗಳನ್ನು ಎಳೆದ ಕೈ ಆ ಸುರುಳಿಯನ್ನು ಮುಗಿಸುವಷ್ಟರಲ್ಲಿ ಬೆವತುಹೋಯಿತಂತೆ. ಪ್ರಾಣಕ್ಕೆ ಅಪಾಯವಿಲ್ಲ, ಇದು ರಕ್ತದಲ್ಲಿ ಬರುವ ನಡುಕ, ಕೆಲಸ ಮಾಡಲು ಹೊರಟಾಗಲೇ ಹೆಚ್ಚಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಒಂದಿಷ್ಟು ಹತೋಟಿಗೆ ಬರಬಹುದು ಎಂದು ವೈದ್ಯೆ ಹೇಳಿದರು. ತಂದೆಯ ವಿಷಯ ಕೇಳಿ ತಲೆಯಾಡಿಸಿದರು.

"ಅವರು ಕುಡೀತಿರಲಿಲ್ಲ ಡಾಕ್ಟ್ರೇ" ಎಂದು, ವೈದ್ಯೆ ಕೇಳದಿದ್ದರೂ, ಅಕ್ಕ ಹೇಳಿದರಂತೆ.

"ಗೊತ್ತಾಗುತ್ತೆ" ಎಂದರು ವೈದ್ಯೆ. ಆಮೇಲೆ, "ಒಡಹುಟ್ಟಿದವರು ಇದ್ದಾರಾ? ಅವರೂ ಒಮ್ಮೆ ಬಂದು ತೋರಿಸ್ಕೊಳ್ಳಲಿ" ಎಂದರು.

ತಮ್ಮನ ಜೊತೆ ಅಕ್ಕನಿಗೆ ಆಗ ಮಾತಿರಲಿಲ್ಲ. ಅವನು ಎರಡು ಸಲ ಕಚೇರಿಯ ಬಾಗಿಲವರೆಗೆ ಬಂದು ಹೋಗಿದ್ದ. ಮೂರನೆಯ ಸಲ ನಾನೇ ಒಳಗೆ ಕರೆದುಕೊಂಡು ಬಂದೆ. ಅವನು ಮೌಸ್ ತಂದಿದ್ದ. ಒಳಗಿನದೆಲ್ಲ ತೆಗೆದುಹಾಕಿದ್ದೇನೆ, ಈಗ ಅದು ಏನನ್ನೂ ತಿದ್ದುವುದಿಲ್ಲ ಎಂದ. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಪರದೆಯ ಮೇಲೆ ಒಂದು ಗೆರೆ ಎಳೆದರು. ಹಲ್ಲು ಹಲ್ಲಾಗಿ ಬಂತು. ಇಬ್ಬರೂ ಅದನ್ನು ನೋಡಿದರು.

"ಸರಿ" ಎಂದರು ಅಕ್ಕ. "ಈಗ ನೀನೂ ಡಾಕ್ಟರ ಹತ್ರ ಬಾ."

"ನನಗೇನಾಗಿದೆ? ಚೆನ್ನಾಗಿದ್ದೀನಿ."

"ನಾನೂ ಚೆನ್ನಾಗೇ ಇದ್ದೆ."

ಅವನು ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ ಎಂದು ಎದ್ದುಹೋದ.

ಮರುಪರಿಶೀಲನೆ ಮುಗಿಯಿತು. ನಲವತ್ತಮೂರರಲ್ಲಿ ಆರು ಹಾಳೆಗಳಲ್ಲಿ ಗಡಿ ತಪ್ಪಿತ್ತು. ಒಂದರಲ್ಲಿ ಕಾಲುದಾರಿ ಬಾವಿಯನ್ನು ಬಿಟ್ಟು ಹೋಗಿತ್ತು, ಇನ್ನೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರ ನಡುವಿನ ತುಂಡೊಂದು ಆಚೆಯವನಿಗೆ ಸೇರಿತ್ತು. ಆ ಆರರಲ್ಲಿ ಕೋಳಿಮನೆಯವರನ್ನು ಬಿಟ್ಟರೆ ಯಾರೂ ದೂರು ಕೊಟ್ಟಿರಲಿಲ್ಲ, ತಮ್ಮ ಜಾಗ ಹೋಗಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲರಿಗೂ ತಿದ್ದಿದ ನಕ್ಷೆ ಕಳಿಸಿದರು. ಅಕ್ಕನಿಗೂ ನನಗೂ ಎಚ್ಚರಿಕೆಯ ಪತ್ರ ಬಂತು. ನನ್ನನ್ನು ತಪಾಸಣೆಯಿಂದ ತೆಗೆದು ಗೆರೆ ಎಳೆಯುವ ಮೇಜಿಗೆ ಹಾಕಿದರು. ತಪಾಸಣೆಯ ಮೇಜಿಗೆ ಅಕ್ಕನನ್ನು ಕೂರಿಸಿದರು. ಅಲ್ಲಿ ನೋಡುವುದಷ್ಟೇ ಕೆಲಸ, ಎಳೆಯುವುದಿಲ್ಲ.

ಇದು ಶಿಕ್ಷೆಯೋ ಮರ್ಯಾದೆಯೋ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಮೊದಲ ದಿನ ಅಕ್ಕ ಆ ಮೇಜಿನ ಮುಂದೆ ಕೆಲಸವಿಲ್ಲದವರ ಹಾಗೆ ಕೈ ಕಟ್ಟಿಕೊಂಡು ಕೂತಿದ್ದರು. ತಾವು ಇನ್ನು ಗೆರೆ ಎಳೆಯುವುದಿಲ್ಲ ಎಂಬುದು ಮನಸ್ಸಿಗೆ ಇಳಿಯಲು ಅವರಿಗೆ ಬಹಳ ದಿನ ಹಿಡಿಯಿತು. ಎಷ್ಟೋ ಸಲ, ಯಾರೂ ನೋಡುತ್ತಿಲ್ಲ ಎಂದುಕೊಂಡು ಖಾಲಿ ಪರದೆಯಲ್ಲಿ ಒಂದು ಗೆರೆ ಎಳೆದು, ನೋಡಿ, ಅಳಿಸುವುದನ್ನು ನಾನು ಕಂಡಿದ್ದೇನೆ. ಮಾತ್ರೆ ತೆಗೆದುಕೊಂಡ ಬೆಳಿಗ್ಗೆಗಳಲ್ಲಿ ಗೆರೆ ಪರವಾಗಿಲ್ಲ ಎನ್ನುವಂತಿರುತ್ತಿತ್ತು. ಮಧ್ಯಾಹ್ನದ ಮೇಲೆ ಅದೂ ಇಲ್ಲ. ಹಳೆಯ ಸಿಟ್ಟು ಹೋಗಿ ಜನ ಮತ್ತೆ ಮಾತಾಡತೊಡಗಿದರು, ಆದರೆ ಮೊದಲಿನ ಸಲಿಗೆ ಬರಲಿಲ್ಲ. ನನ್ನ ಹಾಳೆಗಳಂತೂ ಮೂರರಲ್ಲಿ ಎರಡು ಕೆಂಪು ಗುರುತು ಹೊತ್ತು ವಾಪಸು ಬರುತ್ತಿದ್ದವು. "ಇದು ಹಳ್ಳನೋ, ನೀನು ಒಗೆದು ಹಾಕಿದ ಹಗ್ಗನೋ?" ಎಂದು ಪಕ್ಕದಲ್ಲಿ ಬರೆದಿರುತ್ತಿದ್ದರು. ಅಕ್ಷರಗಳು ಅಲುಗಿರುತ್ತಿದ್ದವು, ಓದಲು ತೊಂದರೆಯಿರಲಿಲ್ಲ.

ಹೀಗೆ ಏಳೆಂಟು ತಿಂಗಳು ಕಳೆದಿರಬೇಕು. ಒಂದು ದಿನ ಮನೆಯ ಕಂಪ್ಯೂಟರ್ ಹಿಡಿದುಕೊಂಡು ನಾನು ತಮ್ಮನ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಹೊಸಬಳೊಬ್ಬಳು ಕೂತು ಸೀಸ ಕರಗಿಸಿ ತಂತಿ ಬೆಸೆಯುತ್ತಿದ್ದಳು. ಮೊದಲು ಅವನು ಅದನ್ನು ಇನ್ನೊಬ್ಬರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ.

"ಏನಪ್ಪ, ಯಜಮಾನನಾಗಿಬಿಟ್ಟೆ" ಎಂದೆ.

"ಕಣ್ಣು ಯಾಕೋ ಸರಿಯಿಲ್ಲ ಅಣ್ಣ. ಸಣ್ಣ ಕೆಲಸ ಕಾಣಲ್ಲ" ಎಂದ. ರಸೀದಿ ಬರೆಯುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದಿದ್ದ.

ಅವನ ಗುಟ್ಟು ನನ್ನದಲ್ಲ, ಹೇಳಬಹುದೋ ಬಾರದೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಕಚೇರಿಗೆ ಬಂದು ನೇರ ಅಕ್ಕನ ಮೇಜಿಗೆ ಹೋಗಿ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟು ಕೇಳಿದರು. ಮುಖ್ಯಸ್ಥರ ಬಳಿ ಅರ್ಧ ದಿನದ ರಜೆ ಕೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಅಂಗಡಿಯಲ್ಲಿ ಗಿರಾಕಿಗಳ ಬೆಂಚಿನ ಮೇಲೆ ಸಂಜೆಯವರೆಗೆ ಕೂತರಂತೆ. ಅವನು ಮೊದಲು ನಕ್ಕ, ಆಮೇಲೆ ರೇಗಿದ, ಆಮೇಲೆ ಕೆಲಸದಲ್ಲಿ ಮುಳುಗಿದವನ ಹಾಗೆ ನಟಿಸಿದ. ಅಕ್ಕ ಏಳಲಿಲ್ಲ. ಬಾಗಿಲು ಎಳೆಯುವ ಹೊತ್ತಿಗೆ ಅವನೇ ಬಂದು ಪಕ್ಕದಲ್ಲಿ ಕೂತು, "ನನಗೆ ಭಯ ಅಕ್ಕ" ಎಂದನಂತೆ.

"ನನಗೂ ಇತ್ತು. ಈಗಲೂ ಇದೆ. ನಾಳೆ ಹತ್ತು ಗಂಟೆಗೆ ಹೋಗೋಣ, ನಿಮ್ಮ ಭಾವನೂ ಬರ್ತಾರೆ" ಎಂದರಂತೆ ಅಕ್ಕ.

ಹೋದರು. ಅವನೂ ಕಾಗದದ ಮೇಲೆ ಸುರುಳಿ ಬರೆದ. ಅವನಿಗೂ ಇದೆ. ಅಕ್ಕನಷ್ಟಿಲ್ಲ, ಶುರುವಿನಲ್ಲೇ ಸಿಕ್ಕಿದೆ. ಈಗ ಇಬ್ಬರೂ ಒಂದೇ ದಿನ ವೈದ್ಯೆಯನ್ನು ನೋಡಲು ಹೋಗುತ್ತಾರೆ. ಕಂಪ್ಯೂಟರ್ ಆಟದ ಪಂದ್ಯಗಳಿಗೆ ಹೋಗುವುದನ್ನು ಅವನು ನಿಲ್ಲಿಸಿದ್ದಾನೆ, ಆ ವಿಷಯ ಎತ್ತಿದರೆ ಮಾತು ಬದಲಿಸುತ್ತಾನೆ. ಬೆಸೆಯುವ ಕೆಲಸ ಯಾಕೆ ತಾನು ಮಾಡುವುದಿಲ್ಲ ಎಂದು ಗಿರಾಕಿಗಳು ಕೇಳಿದರೆ ಮಾತ್ರ, ಕೈ ನಡುಗುತ್ತದೆ ಎಂದು ನೇರವಾಗಿ ಹೇಳುತ್ತಾನಂತೆ. ಒಬ್ಬಿಬ್ಬರು ಬೇರೆ ಅಂಗಡಿಗೆ ಹೋದರಂತೆ, ಉಳಿದವರು ಉಳಿದರಂತೆ.

ಇದನ್ನೆಲ್ಲ ಅಕ್ಕ ನನಗೆ ಹೇಳಿದ್ದು ಊಟದ ಹೊತ್ತಿನಲ್ಲಿ, ಕಿಟಕಿಯ ಬಳಿ ಕೂತು. ಹೇಳಿ ಮುಗಿಸಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಚಹಾ ಕುಡಿದರು.